ಶ್ರೇಷ್ಠ ಎಂಜಿನ್ನೂ ಒಂದು ವಧುಪರೀಕ್ಷೆಯೂ

ಮೊನ್ನೆ ರವಿವಾರ ಬೈಲಹೊಂಗಲದ ನನ್ನ ತವರುಮನೆಯ ಪಡಸಾಲೆಯಲ್ಲಿ ಚಹಾ ಕೆನೆಗಟ್ಟಿತು. ಶುಂಠಿ ಜಜ್ಜಿ, ಯಾಲಕ್ಕಿ ಹಾಕಿ ನಾನೇ ನಿಂತು ಕುದಿಸಿದ ಚಹಾ. ಕೆನೆ ಮೊದಲು ಸುಕ್ಕಾಯಿತು, ಆಮೇಲೆ ಕಪ್ಪಿನ ಅಂಚಿಗೆ ಅಂಟಿಕೊಂಡಿತು. ಒಬ್ಬ ಗಂಡಸೂ ಕಪ್ಪಿಗೆ ಕೈ ಹಾಕಲಿಲ್ಲ. ಅವರ ಕೈಗಳಿಗೆ ಪುರಸೊತ್ತಾದರೂ ಎಲ್ಲಿತ್ತು? ಗಾಳಿಯಲ್ಲೇ ಎಂಜಿನ್ ಬಿಚ್ಚುತ್ತಿದ್ದವು, ಗಾಳಿಯಲ್ಲೇ ಜೋಡಿಸುತ್ತಿದ್ದವು.

ನನ್ನ ಅಣ್ಣನ ಮಗ ಸಂಗಮೇಶ. ಅವನ ಮಗಳು ಅಕ್ಷತಾಳನ್ನು ನೋಡಲು ಕಿತ್ತೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗಿ ಪಶುವೈದ್ಯೆ. ಸಿರಸಂಗಿ, ಚಚಡಿ ಕಡೆಯ ಎಮ್ಮೆಗಳಿಗೆಲ್ಲ ಅವಳ ಕೈ ಗೊತ್ತು. ಶಿರಾದ ತಾಟು ಹಿಡಿದು ಬಂದು ನಿಂತಳು. ಅದೇ ಹೊತ್ತಿಗೆ ಗಂಡಿನ ಅಪ್ಪ ತಮ್ಮ ಹೊಸ ಕಾರಿನ ಎಂಜಿನ್ ಬಗ್ಗೆ ಒಂದು ಮಾತು ತೆಗೆದರು, ಸಂಗಮೇಶ ಅದಕ್ಕೊಂದು ಮಾತು ಸೇರಿಸಿದ. ಮುಗಿಯಿತಲ್ಲ! ಜಗತ್ತಿನಲ್ಲಿ ಇಲ್ಲಿಯವರೆಗೆ ಹುಟ್ಟಿದ ಕಾರಿನ ಎಂಜಿನ್ನುಗಳಲ್ಲಿ ಎಲ್ಲಕ್ಕಿಂತ ಶ್ರೇಷ್ಠ ಯಾವುದು ಎಂಬುದು ಆ ಕ್ಷಣವೇ, ನಮ್ಮ ಪಡಸಾಲೆಯಲ್ಲೇ ಇತ್ಯರ್ಥವಾಗಬೇಕಾಯಿತು.

“ಆರು ಸಿಲಿಂಡರ್ ಒಂದ ಸಾಲಿನ್ಯಾಗ ಇರಬೇಕ್ರಿ. ಅದರ ಮುಂದ ಉಳದದ್ದೆಲ್ಲಾ ಸುಳ್ಳ,” ಅಂದ ಸಂಗಮೇಶ.

“ಏ, ಎಂಟು ಬೇಕ್ರಿ ಎಂಟು! ಅದರ ದನಿ ಕೇಳೀರೇನು? ಎದಿ ನಡಗತೈತಿ,” ಅಂದರು ಬೀಗರಾಗಲು ಬಂದವರು.

ಮದುಮಗನಾಗಬೇಕಾದ ಹುಡುಗ ಹನ್ನೆರಡು ಸಿಲಿಂಡರಿನ ಪಕ್ಷ. ಅಪ್ಪನಿಗಿಂತ ನಾಲ್ಕು ಹೆಚ್ಚು ಹೇಳದಿದ್ದರೆ ಅವನು ಮಗ ಹೇಗಾದಾನು?

ನೋಡಿ, ಇವರಲ್ಲಿ ಒಬ್ಬರೂ ಅಂಥ ಎಂಜಿನ್ನನ್ನು ಮುಟ್ಟುವುದಿರಲಿ, ಕಣ್ಣಾರೆ ಕಂಡವರೂ ಅಲ್ಲ. ಕಂಡದ್ದು ಫೋನಿನಲ್ಲಿ, ಅದೂ ಊಟವಾದ ಮೇಲೆ ಅಡ್ಡಾಗಿಕೊಂಡು. ನಮ್ಮ ಸಂಗಮೇಶನಿಗೆ ತನ್ನ ಸ್ಕೂಟರಿನ ಪ್ಲಗ್ ಬಿಚ್ಚಿ ಒರೆಸಲು ಬರುವುದಿಲ್ಲ. ನಿಂತಲ್ಲಿಂದ ಗ್ಯಾರೇಜಿನ ತನಕ ಬೆವರು ಸುರಿಸುತ್ತ ದೂಡಿಕೊಂಡು ಹೋಗುತ್ತಾನೆ. ಆದರೂ ಪರದೇಶದ ಎಂಜಿನ್ನಿನ ಹುಟ್ಟು ಬೆಳವಣಿಗೆ ಎಲ್ಲ ಬಾಯಿಪಾಠ. ಹೆಂಡತಿಯ ಬಿ.ಪಿ. ಮಾತ್ರೆ ಯಾವುದು ಎಂದು ಕೇಳಿ ನೋಡಿ, ಬಾಯಿ ಬಿಟ್ಟರೆ ಹೇಳಿ.

ಅಕ್ಷತಾ ನನ್ನ ಕಡೆ ನೋಡಿದಳು. ತಾಟು ಕೈಯಲ್ಲೇ ಇತ್ತು, ಕೆಳಗಿಡು ಎನ್ನುವವರಿರಲಿಲ್ಲ. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ತೆಗೆಯುವ ಕೈ ಅದು. ನನಗೆ ವಿಪರೀತ ಸಿಟ್ಟು ಬಂತು, ಆ ಸಿಟ್ಟು ಮೊನ್ನೆಯದಷ್ಟೇ ಆಗಿರಲಿಲ್ಲ.

ಹಿಂದೆ ನನ್ನನ್ನು ನೋಡಲು ಗಂಡಿನವರು ಬಂದದ್ದೂ ಇದೇ ಪಡಸಾಲೆಗೆ. ನಾನಾಗ ಊರಿನ ಕನ್ನಡ ಶಾಲೆಯಲ್ಲಿ ಟೀಚರು. ಅಪ್ಪನದು ಹತ್ತಿಯ ವ್ಯಾಪಾರ. ಅಪ್ಪನ ಹತ್ತಿರ ಒಂದು ಬಿಳಿ ಪೆಟ್ರೋಲ್ ಕಾರಿತ್ತು. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ಪಕ್ಷ ಸೇರುತ್ತೀರಿ, ನನ್ನ ಕಥೆ ಕೇಳುವವರು ಯಾರೂ ಉಳಿಯುವುದಿಲ್ಲ. ದುಂಡನೆಯದು ಅಂತ ಇಟ್ಟುಕೊಳ್ಳಿ.

ದಿನಾ ಬೆಳಿಗ್ಗೆ ಅಪ್ಪ ದುಂಡನೆಯದನ್ನು ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಒಂದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುತ್ತಿದ್ದ. ಓಣಿಯವರನ್ನು ಕರೆದು ಕರೆದು ತೋರಿಸುತ್ತಿದ್ದ. “ನೋಡ್ರಿ, ಅಳ್ಳಾಡತೈತೇನು? ಎಂಜಿನ್ ಅಂದ್ರ ಇದು!” ನಾಣ್ಯ ಬಿದ್ದರೆ ಎಂಜಿನ್ನಿನ ತಪ್ಪಲ್ಲ, ನೆಲದ ತಪ್ಪು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಅಪ್ಪನ ದೆಸೆಯಿಂದ ನಮ್ಮ ಅಂಗಳ ಓಣಿಗೆಲ್ಲ ಡೊಂಕೆಂದು ಹೆಸರಾಗಿತ್ತು. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅವ್ವ, “ಆ ಗಾಡಿನ ಲಗ್ನ ಮಾಡ್ಕೋಬೇಕಾಗಿತ್ತು ನೀವು,” ಅನ್ನುತ್ತಿದ್ದಳು.

ಅಷ್ಟರಲ್ಲಿ ನನಗೆ ಬಂದಿದ್ದ ಎರಡು ಸಂಬಂಧ ಯಾವ್ಯಾವುದೋ ಕಾರಣಕ್ಕೆ ಮುರಿದಿದ್ದವು. ಎರಡೂ ಸಲ ಅಪ್ಪ ಬಂದವರ ಮುಂದೆ, “ಹುಡಗಿ ನೌಕರಿ ಬಿಡತಾಳ್ರಿ, ಅದೇನ ದೊಡ್ಡ ಮಾತಲ್ಲ,” ಎಂದು ನನ್ನನ್ನು ಕೇಳದೇ ಹೇಳಿಬಿಟ್ಟಿದ್ದ. ನನಗದು ದೊಡ್ಡ ಮಾತೇ ಆಗಿತ್ತು. ಆ ಶಾಲೆ, ಸುಣ್ಣದಕಡ್ಡಿಯ ಧೂಳು, ಮೂಗು ಸೋರಿಸಿಕೊಂಡು ಬರುವ ಒಂದನೇ ಇಯತ್ತೆಯ ಮಕ್ಕಳು, ತಿಂಗಳ ಕೊನೆಗೆ ನನ್ನ ಕೈಗೇ ಬರುವ ಪಗಾರ, ಇಷ್ಟೇ ನನ್ನದೆನ್ನುವುದು. ಅದನ್ನು ಬಿಟ್ಟುಕೊಡುವ ಮದುವೆ ನನಗೆ ಬೇಡವಾಗಿತ್ತು. ಅದಕ್ಕೇ ಮೂರನೆಯ ಸಲ ರಾಮದುರ್ಗದವರು ಬರುತ್ತಾರೆಂದಾಗ ಕನ್ನಡಿಯ ಮುಂದೆ ನಿಂತು ಒಂದು ಪ್ರಶ್ನೆ ಉರು ಹೊಡೆದೆ: “ಲಗ್ನ ಆದಮ್ಯಾಲ ನಾ ಸಾಲಿಗೆ ಹೋಗಬಹುದೇನ್ರಿ?” ಮಕ್ಕಳಿಗೆ ಗಟ್ಟಿಯಾಗಿ ಮಾತಾಡಿ ಎಂದು ಗದರುತ್ತಿದ್ದ ಟೀಚರು ನಾನು. ತಾಟು ಹಿಡಿದು ನಿಂತ ಮೇಲೆ ದನಿ ಗಂಟಲಿನಿಂದ ಮೇಲೇರಲಿಲ್ಲ.

ಏರಿದ್ದರೂ ಕೇಳುವವರು ಯಾರಿದ್ದರು? ಗಂಡಿನ ಅಪ್ಪ “ಹೆಸರೇನವಾ?” ಎಂದರು. ನಾನು ಬಾಯಿ ತೆರೆಯುವುದರೊಳಗೆ ಅವರ ಕಣ್ಣು ಕಿಟಕಿಯಾಚೆ ನಿಂತ ದುಂಡನೆಯದರ ಮೇಲೆ ಬಿತ್ತು. ಅವರು ಬಂದದ್ದು ಡೀಸೆಲ್ ಜೀಪಿನಲ್ಲಿ, ಮಗನನ್ನು ಊರಲ್ಲೇ ಬಿಟ್ಟು.

“ಪೆಟ್ರೋಲ್ ಗಾಡಿ ಏನ್ರಿ ಅದು?”

“ಹೌದ್ರಿ,” ಎಂದ ಅಪ್ಪ, ಎದೆ ಉಬ್ಬಿಸಿ. “ಎಂಜಿನ್ ಚಾಲೂ ಐತೋ ಇಲ್ಲೋ ಗೊತ್ತಾಗಬಾರದ್ರಿ. ಅದು ಎಂಜಿನ್.”

“ಗೊತ್ತಾಗದ್ದು ತಗೊಂಡು ಏನ ಮಾಡೂದ್ರಿ? ಎಂಜಿನ್ ಅಂದ್ರ ಎತ್ತು ಇದ್ದಂಗ, ಎಳೀಬೇಕು. ನಮ್ಮ ಜೀಪಿನ ಮುಂದ ನಿಮ್ಮದು ಹುಡುಗರು ಆಡೂ ಸಾಮಾನ.”

ನನ್ನ ಹೆಸರು ಅಲ್ಲೇ ಉಳಿಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಎರಡು ಎಂಜಿನ್ನುಗಳ ಜಗಳದಲ್ಲಿ ನಾನು ಬಡವಾಗುತ್ತಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಕಾಲಕ್ಕೆ ನಮ್ಮ ಓಣಿಯ ಕೊನೆಗೆ ಒಂದು ಹಿಟ್ಟಿನ ಗಿರಣಿ ಇತ್ತು. ಅದರ ಎಂಜಿನ್ ಬೆಳಗಿನಿಂದ ಸಂಜೆಯವರೆಗೆ ಟುಕ್ ಟುಕ್ ಎನ್ನುತ್ತ ಊರಿನ ಜೋಳವನ್ನೆಲ್ಲ ಬೀಸಿಕೊಡುತ್ತಿತ್ತು. ಅಪ್ಪ ತಿಂದ ರೊಟ್ಟಿಯೂ ಅದರದೇ. ಅದರ ಬಗ್ಗೆ ಯಾವ ಗಂಡಸೂ ಒಂದು ಒಳ್ಳೆಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಅದರ ಮುಂದೆ ಬುಟ್ಟಿ ಹಿಡಿದು ನಿಲ್ಲುವವರು ಹೆಂಗಸರು. ಅದನ್ನು ಹತ್ತಿ ಮೆರೆಯಲು ಬರುವುದಿಲ್ಲ. ಹಾಗಿದ್ದಮೇಲೆ ಅದೆಂಥ ಶ್ರೇಷ್ಠ ಎಂಜಿನ್ನು, ಬಿಡಿ.

ಮಾತು ಪಂಥಕ್ಕೆ ಹೋಯಿತು. ಬೈಲಹೊಂಗಲಕ್ಕೂ ರಾಮದುರ್ಗಕ್ಕೂ ನಡುವೆ ಸವದತ್ತಿ. ಅಲ್ಲಿಂದ ಯಲ್ಲಮ್ಮನ ಗುಡ್ಡದ ಏರು. ನೀರು ಕುದಿಯದಂತೆ ಯಾರ ಗಾಡಿ ಏರುತ್ತದೋ ಅವರದೇ ದೊಡ್ಡ ಎಂಜಿನ್. ದೇವಿಯ ದರ್ಶನವೂ ಆಗುತ್ತದೆ, ಸಂಬಂಧದ ಮಾತನ್ನೂ ಅಲ್ಲೇ ಮುಗಿಸೋಣ ಎಂದುಕೊಂಡರು. ಖಾಲಿ ಗಾಡಿ ಏರಿದರೆ ಅದೇನು ದೊಡ್ಡಸ್ತಿಕೆ ಎಂದು ಎರಡೂ ಗಾಡಿಗಳಲ್ಲಿ ಮಂದಿಯನ್ನು ತುಂಬಬೇಕೆಂದಾಯಿತು. ಹೀಗಾಗಿ ಬೇಸಿಗೆ ರಜೆಯ ಒಂದು ಬುಧವಾರ ನಾನು ಯಲ್ಲಮ್ಮನ ಗುಡ್ಡಕ್ಕೆ ಹೊರಟದ್ದು ಕನ್ಯೆಯಾಗಿ ಅಲ್ಲ, ತೂಕವಾಗಿ.

ಸವದತ್ತಿ ದಾಟಿ ಏರು ಶುರುವಾದದ್ದೇ ತಡ, ಅಪ್ಪ ಸ್ಟಿಯರಿಂಗ್ ಹಿಡಿದು ಎತ್ತುಗಳನ್ನು ಹುರಿದುಂಬಿಸುವಂತೆ ನಾಲಗೆಯಲ್ಲಿ ಸದ್ದು ಮಾಡತೊಡಗಿದ. ಜೀಪು ಹಾರ್ನ್ ಹೊಡೆದು ನಮ್ಮನ್ನು ದಾಟಿತು. ಆಮೇಲೆ ದುಂಡನೆಯದರ ಬಾನೆಟ್ಟಿನಿಂದ ಮೊದಲು ಎಳೆಯಂಥ ಉಗಿ, ಹಿಂದೆಯೇ ಗಡಿಗೆ ಉಕ್ಕಿದಂಥ ಸದ್ದು. ನಿಂತೇಬಿಟ್ಟಿತು. ಅಪ್ಪನ ಮುಖ ಸಪ್ಪಗಾಯಿತು. ಮುಂದಿನ ತಿರುವಿನಲ್ಲಿ ಜೀಪೂ ಕಪ್ಪು ಹೊಗೆ ಬಿಟ್ಟುಕೊಂಡು ನಿಂತದ್ದು ಕಂಡಿತು ನೋಡಿ, ಮತ್ತೆ ಕಳೆ ಬಂತು. ಸೋತದ್ದಕ್ಕಿಂತ ಇನ್ನೊಬ್ಬ ಗೆಲ್ಲದೇ ಇದ್ದದ್ದು ದೊಡ್ಡದು ಈ ಮಂದಿಗೆ.

ಗಂಡಸರೆಲ್ಲ ಎರಡು ಬಾನೆಟ್ಟುಗಳೊಳಗೆ ತಲೆ ತೂರಿಸಿದರು. ಒಬ್ಬ ಮಾತ್ರ ತೂರಿಸಲಿಲ್ಲ. ಜೀಪಿನ ಹಿಂದಿನಿಂದ ಇಳಿದ ಹುಡುಗ ರಸ್ತೆಯ ಬದಿಯ ಬಂಡೆ ಹಿಡಿದುಕೊಂಡು ಬಡಬಡ ವಾಂತಿ ಮಾಡುತ್ತಿದ್ದ. ನನಗೆ ತೋರಿಸಲು ಕರೆತಂದ ಗಂಡು! ನಮ್ಮ ಕಾರಿನಲ್ಲಿದ್ದ ನೀರಿನ ಕೊಡ ಎತ್ತಿಕೊಂಡು ನಾನು ಆ ಕಡೆ ನಡೆದೆ.

“ಏ, ಏ! ಆ ನೀರು ಎಂಜಿನ್ನಿಗೆ!” ಎಂದು ಅಪ್ಪ ಒದರಿದ.

“ಎಂಜಿನ್ನಿಗೆ ಆಮ್ಯಾಲ,” ಎಂದೆ. ಅಪ್ಪನಿಗೆ ನಾನು ಎದುರಾಡಿದ್ದು ಅದೇ ಮೊದಲು. ಉರು ಹೊಡೆದ ಮಾತು ಬಾರದ ಬಾಯಿಗೆ ಅದು ಹೇಗೆ ಬಂತೋ ಕಾಣೆ.

ಅವರು ಬಾಯಿ ಮುಕ್ಕಳಿಸಿ, ಮುಖ ತೊಳೆದು, ನಾಚಿಕೊಂಡು ನಿಂತರು. ರಾಮದುರ್ಗದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು ಎಂದಷ್ಟು ನನಗೆ ಗೊತ್ತಿತ್ತು. “ನನಗ ಗಾಡಿ ಆಗಂಗಿಲ್ರಿ,” ಅಂದರು. “ಸಣ್ಣಾಂವ ಇದ್ದಾಗಿಂದ. ಮಂದಿ ಮುಂದ ಹೇಳಬ್ಯಾಡ ಅಂದಾನ ನಮ್ಮಪ್ಪ.”

ನಗು ಬಂತು. ನಗುವಿನ ಜೊತೆ ಪ್ರಶ್ನೆಯೂ ಬಂದುಬಿಟ್ಟಿತು. “ಲಗ್ನ ಆದಮ್ಯಾಲ ನಾ ಸಾಲಿಗೆ ಹೋಗಬೇಕಂತೇನಿ. ನಿಮ್ಮ ಮನ್ಯಾಗ ನಡೀತೈತೇನ್ರಿ?”

“ನಡಿಯೂದಿಲ್ಲ,” ಅಂದರು.

ನಾನು ಕೊಡ ಎತ್ತಿಕೊಂಡು ಹೊರಡಲು ತಿರುಗಿದೆ.

“ನಮ್ಮ ಮನ್ಯಾಗ ನಡಿಯೂದಿಲ್ರಿ. ಸುಳ್ಳ ಯಾಕ ಹೇಳಲಿ? ಬೈಲಹೊಂಗಲದಾಗ ಬ್ಯಾರೆ ಮನಿ ಮಾಡಿದ್ರ ನಡೀತೈತಿ. ನಾ ವರ್ಗಾ ಮಾಡಿಸ್ಕೊಂಡು ಬರತೇನಿ. ನಮ್ಮಪ್ಪ ಒದರತಾನ. ಒದರಲಿ. ನಾಕ ದಿನಾ ಒದರಿ ಮತ್ತ ಜೀಪಿನ ಕಡೆ ಹೋಗತಾನ.”

ಧೈರ್ಯ ಬಂದು ಇನ್ನೊಂದು ಕೇಳಿದೆ. “ನಿಮ್ಮ ಪ್ರಕಾರ ಯಾವ ಎಂಜಿನ್ ಶ್ರೇಷ್ಠರೀ?”

“ಬಂದ್ ಆಗಿದ್ದು,” ಅಂದರು, ಹೊಟ್ಟೆ ಒತ್ತಿಕೊಳ್ಳುತ್ತ.

ಎಂಜಿನ್ನುಗಳು ಆರುವವರೆಗೆ ನಾವಿಬ್ಬರೂ ಆ ಬಂಡೆಯ ಹತ್ತಿರ ಮಾತಾಡಿದೆವು. ಆಗಿನ ಕಾಲದಲ್ಲಿ ಮದುವೆಗೆ ಮುಂಚೆ ಹಾಗೆ ಮಾತಾಡಿದ ಹುಡುಗಿ ನಮ್ಮ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ. ಆ ಕಡೆ ಅಪ್ಪಂದಿರಿಬ್ಬರೂ ತಪ್ಪನ್ನೆಲ್ಲ ಬಿಸಿಲಿನ ಮೇಲೆ ಹೊರಿಸಿ, ಕೈ ಕೈ ಹಿಡಿದು, ಸಂಬಂಧ ಕೂಡಿಸಿಬಿಟ್ಟಿದ್ದರು. ದೇವಿಯ ದರ್ಶನ ಮಾತ್ರ ಯಾರಿಗೂ ಆಗಲಿಲ್ಲ. ಅವ್ವ ನಿಂತಲ್ಲಿಂದಲೇ ಗುಡ್ಡಕ್ಕೆ ಕೈ ಮುಗಿದಳು. ಲಗ್ನವಾದ ಮೇಲೆ, ಕೊಟ್ಟ ಮಾತಿನಂತೆ ಇವರು ಬೈಲಹೊಂಗಲಕ್ಕೆ ಬಂದರು. ನಾನು ನಿವೃತ್ತಳಾಗುವವರೆಗೂ ಶಾಲೆಗೆ ಹೋದೆ. ಮಾವ ಒದರಿದರು, ಜೀಪಿನ ಕಡೆ ಹೋದರು.

ಮೊನ್ನೆಯೂ ಇವರು ಪಡಸಾಲೆಯಲ್ಲಿರಲಿಲ್ಲ. ಕಾರಿನ ಮಾತು ಕೇಳಿದರೂ ಹೊಟ್ಟೆ ತೊಳಸುತ್ತದೆಂದು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಗಂಡಸರು ಎಂಟೋ ಆರೋ ಎಂಬುದರ ನಡುವೆಯೇ ಕಲ್ಯಾಣ ಮಂಟಪದ ಮಾತಿಗೂ ಬಂದಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ! ಕೂಸಿನ ಕೈಯಲ್ಲಿನ್ನೂ ತಾಟು ಹಾಗೇ ಇತ್ತು.

ನಾನೆದ್ದು ತಾಟು ಇಸಿದುಕೊಂಡು ಕೆಳಗಿಟ್ಟೆ. “ಸಾಕ ಮಾಡ್ರಿ ನಿಮ್ಮ ಎಂಜಿನ್ ಪುರಾಣ,” ಎಂದೆ. “ಹುಡುಗಾ ಹುಡುಗಿ ಕಿತ್ತೂರ ರಸ್ತಾದಾಗ ಒಂದ ಸುತ್ತು ಹೋಗಿ ಬರಲಿ. ಮಾತಾಡ್ಕೊಳ್ಳಲಿ. ಗಾಡಿ ಆಕಿ ನಡಸತಾಳ.”

“ಅತ್ತೀ!” ಎಂದ ಸಂಗಮೇಶ.

“ಆಕಿಗೆ ಬರತೈತೇನ್ರಿ?” ಎಂದರು ಗಂಡಿನ ಅಪ್ಪ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು. “ಹೊಸಾ ಗಾಡಿ ರೀ ಅದು!”

“ನಿಮ್ಮ ಮಗನ್ನ ಕೊಡಾಕ ಬಂದೀರಿ. ಗಾಡಿ ಕೊಡಾಕ ಅಂಜತೀರೇನು?”

ಕೀಲಿ ಬಂತು. ಇಬ್ಬರೂ ಹೋದರು. ನಾನು ಅಡುಗೆಮನೆಯಲ್ಲಿ ಕೂತು, ಇದ್ದಬದ್ದ ಪುಣ್ಯವೆಲ್ಲ ನನ್ನದೇ ಎಂಬಂತೆ ಬೀಗಿದೆ. ಅಲ್ಲೆಲ್ಲೋ ಗಾಡಿ ನಿಲ್ಲಿಸಿ ಮಾತಾಡುತ್ತಾರೆ, ನಮ್ಮ ಹಾಗೇ ಕೂಡಿಕೊಳ್ಳುತ್ತಾರೆ ಎಂದು ಮನಸ್ಸಿನಲ್ಲೇ ಅಕ್ಷತೆ ಕಲಸಿಬಿಟ್ಟೆ. ಪಡಸಾಲೆಯ ಪಂಡಿತರನ್ನು ಇಷ್ಟು ಬೈದ ನಾನು ಮಾಡಿದ್ದೂ ಅದನ್ನೇ. ಅವಳಿಗೆ ಬೇಕೋ ಬೇಡವೋ ಎಂದು ನನಗೂ ಹೊಳೆಯಲಿಲ್ಲ.

ಮರಳಿ ಬಂದ ಮೊಮ್ಮಗಳು ಹಿತ್ತಲ ಬಾಗಿಲಿನಿಂದ ನೇರ ನನ್ನ ಹತ್ತಿರ ಬಂದಳು. ಮುಖ ಕೆಂಪಾಗಿತ್ತು.

“ಆಯಿ, ಹೋಗೂತನಕ ಗೇರ್ ಹಾಕೂದು ಹೇಳಿಕೊಟ್ಟ. ಬರೂತನಕ ಬ್ರೇಕ್ ಹಿಡಿಯೂದು ಹೇಳಿಕೊಟ್ಟ. ನಾ ಏನ ಕೆಲಸಾ ಮಾಡತೇನಿ ಅಂತ ಒಂದ ಮಾತ ಕೇಳಲಿಲ್ಲ. ನಾನ ಹೇಳಿದೆ. ‘ಲಗ್ನ ಆದಮ್ಯಾಲ ಸೆಗಣಿ ಬಳಿಯೂದು ಯಾಕ ಬೇಕು, ಬಿಟ್ಟಬಿಡು’ ಅಂದ.”

ನಾನು ಕಲಸಿದ ಅಕ್ಷತೆಯೆಲ್ಲ ನೀರಾಯಿತು. ಸಂಕಟವಾಯಿತು. ಆದರೆ ಅವಳ ದನಿ ನಡುಗುತ್ತಿರಲಿಲ್ಲ, ಅದನ್ನು ಕೇಳಿ ಹೆಮ್ಮೆಯೂ ಆಯಿತು.

“ನೀ ಹೇಳ ಆಯಿ ಅವರಿಗೆ,” ಅಂದಳು.

“ನಾ ಯಾಕ ಹೇಳಲಿ? ಬಾಯಿ ನಿನಗೂ ಕೊಟ್ಟಾನ ದೇವರು.”

ಗಾಡಿಯ ಕೀಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಸೆರಗು ಸರಿಮಾಡಿಕೊಂಡು ಪಡಸಾಲೆಗೆ ನಡೆದಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಸಂಗಮೇಶ ಕೊನೆಗೂ ಆರು ಸಿಲಿಂಡರನ್ನೇ ಗೆಲ್ಲಿಸಿದ್ದ. ಗಂಡಿನ ಅಪ್ಪ ಸೋಲೊಪ್ಪಿಕೊಂಡು, ಬೀಗರ ಮಾತಿಗೆ ಎದುರಿಲ್ಲವೆಂದು ನಗುತ್ತ ಎಲೆಅಡಿಕೆಯ ತಟ್ಟೆಗೆ ಕೈ ಚಾಚಿದ್ದರು. ಅಕ್ಷತಾ ಆ ಚಾಚಿದ ಕೈಯಲ್ಲಿ ಕೀಲಿ ಇಟ್ಟಳು.

“ಗಾಡಿ ಛಲೋ ಐತ್ರಿ,” ಅಂದಳು. “ಹುಡುಗ ಬ್ಯಾಡ.”