ಮೂರು ಭಾನುವಾರ ಕೇಳಿ ಸಹಿ ಹಾಕುವವರು

ಪೀಠದ ಮೇಲೆ ನಿಂತು ಬೋಧಿಸುವವರು ಬಹಳ. ಚರಂಡಿಯ ಅಂಚಿನಲ್ಲಿ ಬಗ್ಗಿ ಅಳತೆ ಹಿಡಿಯುವವರೂ ಅಲ್ಲೊಬ್ಬರು ಇಲ್ಲೊಬ್ಬರು ಸಿಕ್ಕಾರು. ಎರಡನ್ನೂ ಒಂದೇ ಮೈಯಲ್ಲಿ ಹೊತ್ತು, ಮೂವತ್ತೊಂದು ವರ್ಷ ಕ್ರೈಸ್ತ ಸಭೆಯ ಪಾಲಕರಾಗಿಯೂ, ಅದರಲ್ಲಿ ಹದಿನೈದು ವರ್ಷ ವಾರ್ಡಿನ ಸದಸ್ಯರಾಗಿಯೂ ದುಡಿದು, ಈ ತಿಂಗಳು ಎರಡೂ ಹೊರೆಗಳನ್ನು ಇಳಿಸಿದ ನಮ್ಮ ಪೂಜ್ಯ ಅಯ್ಯನವರಂಥವರು ಅಪರೂಪ. ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎಂದು ಅವರ ಮೊದಲ ಚುನಾವಣೆಯಲ್ಲಿ ಹೆದರಿಸಿದ ದೊಡ್ಡ ಮನುಷ್ಯರೇ ಈ ಅಭಿನಂದನಾ ಸಂಪುಟದ ಮೊದಲ ಪುಟಗಳಲ್ಲಿ ಹಾರೈಸಿದ್ದಾರೆ. ಸಂತೋಷ. ಅವರು ಆಗ ಹೇಳಿದ್ದೂ ಅಚ್ಚಾಗಲಿ ಎಂದೇ ಇಲ್ಲಿ ಬರೆದದ್ದು.

ಅಯ್ಯನವರು ಬಂದ ಹೊಸದರಲ್ಲಿ ನಮ್ಮ ಕೆಳಬೀದಿಗೆ ಮನೆಭೇಟಿಗೆಂದು ಹೋದರೆ ಪ್ರಾರ್ಥನೆಗೆ ಕಣ್ಣು ಮುಚ್ಚುವ ಮೊದಲು ಮೂಗು ಮುಚ್ಚಬೇಕಿತ್ತು. ಅಂದು ಮನೆಗೆ ಮರಳಿ, ಆತ್ಮದ ಮಾತು ಆಮೇಲೆ, ಮೊದಲು ಚರಂಡಿಯ ಮಾತು ಎಂದು ಹೆಂಡತಿಯ ಮುಂದೆ ಹೇಳಿದರಂತೆ. ಸಭೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಪಿಂಚಣಿ ಅರ್ಜಿ, ಆಸ್ಪತ್ರೆ ಚೀಟಿ ಎಲ್ಲವನ್ನೂ ಬರೆದುಕೊಟ್ಟರು. ಬಂದವರು ಯಾವ ದೇವರಿಗೆ ಕೈ ಮುಗಿಯುತ್ತಾರೆಂದು ಕೇಳಲಿಲ್ಲ. ಕಚೇರಿಯ ಗುಮಾಸ್ತರು ಒಬ್ಬ ಬಡಗಿಯನ್ನು ಒಂಬತ್ತು ಬಾರಿ ನಾಳೆ ಬಾ ಎಂದು ಅಟ್ಟಿದಾಗ, ಹತ್ತನೆಯ ಬಾರಿ ಅಯ್ಯನವರು ಜೊತೆಗೆ ಹೋಗಿ, ಅವರ ಮೇಜಿನೆದುರೇ ಸತ್ಯವೇದ ಬಿಡಿಸಿ ಗಟ್ಟಿಯಾಗಿ ಓದುತ್ತಾ ಕೂತರು. ಎರಡನೆಯ ಅಧ್ಯಾಯಕ್ಕೆ ಸಹಿ ಬಿತ್ತು.

ಸದಸ್ಯರಾದ ಮೇಲೆ ಅವರು ಹೂಡಿದ ಕ್ರಮವೊಂದು ಬೇರೆಲ್ಲೂ ಇರಲಾರದು. ಮದುವೆಗೆ ಮುಂಚೆ ಹೆಣ್ಣುಗಂಡಿನ ಹೆಸರನ್ನು ಮೂರು ಭಾನುವಾರ ಸಭೆಯಲ್ಲಿ ಓದಿ, ಆಕ್ಷೇಪಣೆ ಇದ್ದವರು ಹೇಳಿ ಎಂದು ಕೇಳುವುದು ವಾಡಿಕೆಯಷ್ಟೆ. ವಾರ್ಡಿನ ಕಾಮಗಾರಿ ಮುಗಿದಿದೆ ಎಂಬ ಪತ್ರಕ್ಕೂ ಅಯ್ಯನವರು ಹಾಗೆಯೇ ಮೂರು ಭಾನುವಾರ ಕೇಳದೆ ಸಹಿ ಹಾಕುತ್ತಿರಲಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲು ತೆರೆದಿಟ್ಟು ಓದುವರು, ಬೀದಿಯವರೆಲ್ಲ ಬಂದು ನಿಲ್ಲುವರು. ನಲ್ಲಿ ಹಾಕಿದ್ದಾರೆ, ನೀರು ಹಾಕಿಲ್ಲ ಎಂದು ಯಾರೋ ಹಿಂದಿನಿಂದ ಕೂಗಿದರೆ ಪತ್ರ ಮತ್ತೆ ಜೇಬಿಗೆ. ಗುತ್ತಿಗೆದಾರರು ಅವರಿಗೆ ‘ಆಕ್ಷೇಪಣೆ ಅಯ್ಯನವರು’ ಎಂದು ಹೆಸರಿಟ್ಟರು. ಕೆಳಬೀದಿ ಆ ಹೆಸರನ್ನು ಬಿರುದಿನಂತೆ ಮೆರೆಸಿತು.

ಅಂಥವರೂ ಒಮ್ಮೆ ಎಡವಿದರು. ಅದನ್ನು ಮುಚ್ಚಿಟ್ಟು ಹೊಗಳುವುದು ಅವರಿಗೆ ಮಾಡುವ ಅವಮಾನ. ಕೆಳಬೀದಿಯ ಚರಂಡಿಗೆ ಚಪ್ಪಡಿ ಹೊದಿಸುವ ಕೆಲಸ ಹಿಡಿದವರು ಸಭೆಯ ಹಿರಿಯರೊಬ್ಬರು, ಮೊದಲ ಬೆಂಚಿನವರು. ಎರಡು ಭಾನುವಾರ ಓದಿಯಾಗಿತ್ತು. ಮೂರನೆಯದಕ್ಕೆ ಅದೇ ಹಿರಿಯರ ಮಗಳ ಮದುವೆ ಬಂತು. ಹೊಸ ಬೀಗರ ಎದುರು ಹೆಣ್ಣಿನ ತಂದೆಯ ಕೆಲಸಕ್ಕೆ ಆಕ್ಷೇಪಣೆ ಕೇಳುವುದು ಹೇಗೆ? ಅಯ್ಯನವರು ಓದಲಿಲ್ಲ, ಸೋಮವಾರ ಸಹಿ ಹಾಕಿದರು. ತಿಂಗಳಾಗಿರಲಿಲ್ಲ, ಕೆಳಬೀದಿಯ ಹೆರಿಗೆಗಳನ್ನೆಲ್ಲ ನೋಡುತ್ತಿದ್ದ ನರ್ಸಮ್ಮನ ಕಾಲಡಿಯಲ್ಲಿ ಚಪ್ಪಡಿ ಹಪ್ಪಳದಂತೆ ಮುರಿದು, ಆಕೆಯ ತೊಡೆಮೂಳೆಯೂ ಮುರಿಯಿತು.

ಹಿರಿಯರ ಮಂಡಳಿಗೆ ಬೇಕಾಗಿದ್ದ ನೆಪ ಸಿಕ್ಕಿತು: ವಾರ್ಡು ಬಿಡಿ, ಇಲ್ಲ ಸಭೆ ಬಿಡಿ. ಅಯ್ಯನವರು ವಾದಿಸಲಿಲ್ಲ. ಮುಂದಿನ ಭಾನುವಾರ ತಮ್ಮ ಹೆಸರನ್ನೇ ಓದಿದರು. ಈ ಮನುಷ್ಯ ಮುಲಾಜಿಗೆ ಸಹಿ ಹಾಕಿದ್ದಾನೆ, ಇವನು ವಾರ್ಡಿನ ಸದಸ್ಯನಾಗಿ ಮುಂದುವರಿಯಲು ಆಕ್ಷೇಪಣೆ ಇದ್ದವರು ಹೇಳಲಿ ಎಂದರು. ಎರಡು ವಾರ ಯಾರೂ ಉಸಿರೆತ್ತಲಿಲ್ಲ. ಅವರಿಗೆ ಆ ಮೌನವೇ ತಮ್ಮ ವಿರುದ್ಧದ ತೀರ್ಪಿನಂತೆ ಕಂಡಿರಬೇಕು; ಮೂರನೆಯ ಭಾನುವಾರ ರಾಜೀನಾಮೆ ಬರೆದುಕೊಂಡೇ ಬಂದು, ಅದನ್ನು ಪೀಠದ ಮೇಲೆ ಬಿಡಿಸಿಟ್ಟರು.

ಆಗ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು. ನರ್ಸಮ್ಮ ಆ ಸಭೆಯವರಲ್ಲ. ಅಲ್ಲಿಯವರೆಗೆ ಹೊಸ್ತಿಲು ದಾಟಿದವರೂ ಅಲ್ಲ.

“ಆಕ್ಷೇಪಣೆ ನಂದಿದೆ,” ಎಂದರು. “ದಾಕ್ಷಿಣ್ಯಕ್ಕೆ ಬಸುರಾದವರನ್ನ ಬೇಕಾದಷ್ಟು ಕಂಡಿದ್ದೀನಿ ಅಯ್ಯನವರೇ. ಹೆರೋ ಹೊತ್ತಿಗೆ ಕಾಗದ ಬರೆದಿಟ್ಟು ಎದ್ದು ಹೋಗೋರನ್ನ ಇವತ್ತೇ ನೋಡ್ತಿರೋದು. ಮೊದಲು ಚಪ್ಪಡಿ ಹಾಕಿಸಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ.”

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು. ಮೊದಲ ಬೆಂಚು ನೆಲ ನೋಡಿತು. ಅಯ್ಯನವರು ಕಾಗದವನ್ನು ಮಡಿಸಿದರು.

ಮರುದಿನವೇ ಕಚೇರಿಗೆ ಹೋಗಿ, ತಪ್ಪು ನನ್ನದು ಎಂದು ಬರೆದುಕೊಟ್ಟು ತಮ್ಮ ಸಹಿಯನ್ನು ತಾವೇ ಹಿಂತೆಗೆದುಕೊಂಡರು. ಹಾಕಿದ ಚಪ್ಪಡಿಗಳನ್ನೆಲ್ಲ ಕೀಳಿಸಿ, ಅದೇ ಹಿರಿಯರ ಕೈಯಲ್ಲಿ ಮತ್ತೆ ಹಾಕಿಸಿದರು. ನಾಲ್ಕು ತಿಂಗಳು, ದಿನಾ ಬೆಳಿಗ್ಗೆ, ಟೇಪು ಹಿಡಿದು ನಿಂತರು. ಆ ಹಿರಿಯರು ಮುನಿಸಿಕೊಂಡು ಒಂದು ವರ್ಷ ಬೇರೆ ಸಭೆಗೆ ಹೋದರು. ಕೆಲಸ ಮುಗಿದ ದಿನ ನರ್ಸಮ್ಮ ಪ್ರತಿ ಚಪ್ಪಡಿಯನ್ನೂ ಕೋಲಿನಿಂದ ಕುಟ್ಟುತ್ತಾ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರು; ಅಯ್ಯನವರು ಪರೀಕ್ಷೆಗೆ ಕೂತವರಂತೆ ಹಿಂದೆ ಹಿಂದೆ ನಡೆದರು. ಒಂದೇ ಒಂದು ಅಲುಗಿತು. ಅದನ್ನೂ ಎಬ್ಬಿಸಿ ಕೂರಿಸಲಾಯಿತು. ಅದಾದ ಮೇಲೆ ಕೆಳಬೀದಿ ಅವರನ್ನು ಮತ್ತೆರಡು ಬಾರಿ ಗೆಲ್ಲಿಸಿತು. ಪೀಠ ಬಿಡಿ ಎಂದು ಹೇಳುವ ಧೈರ್ಯ ಮಂಡಳಿಗೆ ಮತ್ತೆ ಬರಲಿಲ್ಲ.

ಓದು ಅರ್ಧಕ್ಕೆ ಬಿಟ್ಟವರು, ಕಚೇರಿಯ ಮೆಟ್ಟಿಲಿಗೇ ಹೆದರುತ್ತಿದ್ದವರು, ಇವತ್ತು ತಲೆಯೆತ್ತಿ ಮಾತಾಡುತ್ತಿದ್ದರೆ ಅದು ಅಯ್ಯನವರು ಕಲಿಸಿದ್ದು. ಬೇರೆ ಸನ್ಮಾನ ಅವರಿಗೆ ಬೇಕಿಲ್ಲ.

ಈ ಸಂಪುಟದಲ್ಲಿ ಎಲ್ಲರೂ ಅವರಿಗೆ ವಿಶ್ರಾಂತಿ ಹಾರೈಸಿದ್ದಾರೆ. ಕೆಳಬೀದಿ ಹಾರೈಸುವುದಿಲ್ಲ. ದೇವರು ಅವರಿಗೆ ತುಂಬು ಆಯುಷ್ಯ ಕೊಡಲಿ, ಮಂಡಿನೋವು ಕಡಿಮೆ ಮಾಡಲಿ, ಅವರ ಮನೆಯ ಅಮ್ಮನವರ ತಾಳ್ಮೆ ಹೆಚ್ಚಿಸಲಿ. ಬಿಡುವೊಂದನ್ನು ಮಾತ್ರ ಕೊಡದಿರಲಿ. ಅವರ ಸದಸ್ಯತ್ವದ ಅವಧಿ ಮುಗಿದ ಮರುದಿನವೇ ಬೀದಿಯ ಹೆಂಗಸರು ದೀಪ ಹತ್ತದ ಏಳು ಕಂಬಗಳ ದೂರು ಹೊತ್ತು ಅವರ ಮನೆಗೆ ಹೋಗಿದ್ದರು. “ನಾನೀಗ ಯಾರೂ ಅಲ್ಲವಲ್ಲಮ್ಮ,” ಎಂದರಂತೆ ಅಯ್ಯನವರು, ಕಾಲಲ್ಲಿ ಚಪ್ಪಲಿ ತಡಕಾಡುತ್ತಾ.