ಹಿತ್ತಲಿನಲ್ಲಿ ಬೆಂದ ಬಾಡು

ಕತ್ತರಿಸದೆ ಇಡೀ ತುಂಡನ್ನೇ ಬೇಯಿಸುತ್ತೇನೆ ಎಂದಾಗ ಅವ್ವ ನನ್ನನ್ನು ತಲೆಕೆಟ್ಟವಳನ್ನು ನೋಡುವ ಹಾಗೆ ನೋಡಿದಳು. ದಾರದಲ್ಲಿ ಬಿಗಿದು ಕಟ್ಟಿದ ಆರು ಪೌಂಡಿನ ದನದ ಬಾಡು ಅಮೆರಿಕದ ಮೆಟುಚೆನ್ನಿನ ನಮ್ಮ ಮನೆಯ ಅಡಿಗೆಕಟ್ಟೆಯ ಮೇಲೆ ದಿಂಬಿನ ಹಾಗೆ ಕೂತಿತ್ತು. ಹಿಂದಿನ ದಿನವೇ ಉಪ್ಪು ಸವರಿಟ್ಟಿದ್ದೆ. ಮೆಣಸು, ಬೆಳ್ಳುಳ್ಳಿ, ಕೊತ್ತಂಬರಿ ಬೀಜವನ್ನು ಅವ್ವನೇ ಅರೆದು ಕೊಟ್ಟಳು. ಆದರೆ ಹಿತ್ತಲಿನ ಗ್ರಿಲ್ ಒಲೆಯ ಮೇಲೆ ಇಡುತ್ತೇನೆ ಎಂದ ಕೂಡಲೇ ಗಾಬರಿಯಾದಳು.

“ಒಳಗೇ ಬೇಯ್ಸವ್ವ. ಪಕ್ಕದ್ಮನೆಯೋರು ಕನ್ನಡದೋರು. ವಾಸ್ನೆ ಹೋಯ್ತದೆ.”

ಹೋಗಲಿ ಎಂದೇ ನಾನು ಹೊರಗೆ ಬೇಯಿಸಲು ಹೊರಟಿದ್ದು.

ನಾನು ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಭಾನುವಾರ ಬಾಡು ಬೇಯುವಾಗ ಅವ್ವ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲ ಬಳಿ ಎರಡು ಊದುಬತ್ತಿ ಹಚ್ಚುತ್ತಿದ್ದಳು. ಮನೆ ಮಾಲೀಕರ ಹೆಂಡತಿ ಏನಡಿಗೆ ಎಂದು ಕೇಳಿದರೆ ಹುರುಳಿಕಾಳು ಸಾರು ಎನ್ನಬೇಕು. ನನಗೂ ಅದನ್ನೇ ಕಲಿಸಿದ್ದಳು. ಒಂಬತ್ತು ವರ್ಷದ ನಾನು ಕಣ್ಣು ಮಿಟುಕಿಸದೆ ಹೇಳಿಬಿಡುತ್ತಿದ್ದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ನಾವು ಯಾರ ಮನೆಯದನ್ನೂ ಕದ್ದಿರಲಿಲ್ಲ, ಆದರೂ ನಮ್ಮ ಮನಸ್ಸು ಹುಳ್ಳುಳ್ಳಗೇ ಇತ್ತು. ಇಲ್ಲಿಗೆ ಬಂದು ಕ್ರ್ಯಾನ್‌ಬರಿಯ ಆಫೀಸಿಗೆ ಸೇರಿ ಹನ್ನೆರಡು ವರ್ಷವಾದ ಮೇಲೂ ಕನ್ನಡದವರು ಮನೆಗೊಂದು ಅಡಿಗೆ ತರುವ ಪಾಟ್‌ಲಕ್ ಊಟವೆಂದರೆ ನಾನು ಒಯ್ಯುತ್ತಿದ್ದದ್ದು ಚಿತ್ರಾನ್ನ. ಅದಕ್ಕೆ ನನ್ನ ಮೇಲೆ ನನಗೇ ಕೆಂಡದಂಥ ಸಿಟ್ಟಿತ್ತು. ಈ ಸಲ ಅವ್ವ ಊರಿಂದ ಬಂದಾಗ, ಒಂದೇ ಒಂದು ದಿನವಾದರೂ ಅವಳು ಬಯಲಲ್ಲಿ ಕೂತು, ಯಾರಿಗೂ ಅಂಜದೆ ಬಾಡು ತಿನ್ನಬೇಕು. ಇಷ್ಟೇ ನನ್ನ ಹಟ.

ಗ್ರಿಲ್ಲಿನ ಒಂದು ಪಕ್ಕಕ್ಕೆ ಮಾತ್ರ ಉರಿ ಹಚ್ಚಿ, ಉರಿಯಿಲ್ಲದ ಕಡೆ ಬಾಡಿಟ್ಟು ಮುಚ್ಚಳ ಮುಚ್ಚಿದೆ. ಅವ್ವ ಹಿಂಬಾಗಿಲ ಹೊಸ್ತಿಲು ದಾಟಲಿಲ್ಲ. ಸಲಹೆಗಳೇನೋ ಅಲ್ಲಿಂದಲೇ ಧಾರಾಳವಾಗಿ ಬಂದವು. ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆಯಂತೆ, ಈಗಲೂ ಕಾಲ ಮಿಂಚಿಲ್ಲ, ಕುಕ್ಕರಿಗೆ ಹಾಕಿ ನಾಲ್ಕು ವಿಸಿಲ್ ಕೂಗಿಸಬೇಕಂತೆ. ಥರ್ಮಾಮೀಟರ್ ಚುಚ್ಚಿ ತೋರಿಸಿದರೆ, ಅದಕ್ಕೇನು ಜ್ವರ ಬಂದಿದೆಯಾ ಎಂದು ಕೇಳಿದಳು. ಎರಡು ಗಂಟೆಗೂ ಹೆಚ್ಚು ಹೊತ್ತು ಹೀಗೇ ನಡೆಯಿತು. ಮುಳ್ಳು ನೂರ ಮೂವತ್ತೈದು ಫ್ಯಾರನ್‌ಹೀಟಿಗೆ ಬಂದಾಗ ಇಳಿಸಿ, ಇಪ್ಪತ್ತು ನಿಮಿಷ ಹಾಗೇ ಬಿಟ್ಟು, ದಾರ ಬಿಚ್ಚಿ ಬಾಡಿನ ಎಳೆಯ ಉದ್ದಕ್ಕೆ ಚಾಕು ಇಟ್ಟೆ.

ಅವ್ವನಿಗೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು ಸರಸರನೆ ಬಂದು ನನ್ನ ಕೈಯಿಂದ ಚಾಕು ಕಿತ್ತುಕೊಂಡಳು.

“ಹಂಗಲ್ಲ ಕಣವ್ವ. ಒಣಗ್ಸಕ್ಕಾದ್ರೆ ಎಳೆ ಉದ್ದಕ್ಕೆ ಕುಯ್ಯಬೇಕು, ತಿನ್ನಕ್ಕಾದ್ರೆ ಅಡ್ಡಕ್ಕೆ.”

ಎಳೆಗೆ ಅಡ್ಡವಾಗಿ ಒಂದು ಹೋಳು ಕೊಯ್ದಳು. ಅಂಚು ಕಪ್ಪಗೆ, ನಡುವೆ ನಸುಗೆಂಪು, ಹಲಗೆಯ ಮೇಲೆಲ್ಲ ರಸ. ಹೆಬ್ಬೆರಳಿನಿಂದ ಒತ್ತಿ ನೋಡಿ, ಅನುಮಾನದಿಂದಲೇ ಬಾಯಿಗಿಟ್ಟುಕೊಂಡಳು. ಅಗಿದಳು. ಬೆಂದದೆ ಎಂದಳು. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ. ಕುಣಿದುಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಬೇಲಿಯಾಚೆ ಪಕ್ಕದ ಮನೆಯವಳು ಟೊಮೆಟೊ ಗಿಡಕ್ಕೆ ನೀರು ಹಾಕಲು ಬಂದಳು. ಬೆಂಗಳೂರಿನ ಕಡೆಯವಳು, ಮೊಟ್ಟೆಯನ್ನೂ ಮುಟ್ಟದವಳು.

“ಆಂಟಿ, ಏನ್ ಸ್ಪೆಷಲ್ ಇವತ್ತು? ಮೆಣಸು ಬೆಳ್ಳುಳ್ಳಿ ಸ್ಮೆಲ್ ನಮ್ ಡೆಕ್ ವರೆಗೂ ಬಂತು.”

ಅವ್ವನ ಕೈಯಲ್ಲಿದ್ದ ಚಾಕು ನಿಂತಿತು. ಬೆಳಗಿನಿಂದ ಅಷ್ಟೆಲ್ಲ ಹಾರಾಡಿದ ನನ್ನ ನಾಲಿಗೆಯ ತುದಿಗೆ ಬಂದದ್ದೇನು ಗೊತ್ತೇ? ಚಿಕನ್. ಇನ್ನೇನು ಹೇಳಿಯೇಬಿಡುತ್ತಿದ್ದೆ, ಅಷ್ಟರಲ್ಲಿ ಅವ್ವ ತಲೆಯೆತ್ತಿದಳು.

“ದನದ ಬಾಡು ಕಣಮ್ಮ. ನನ್ ಮಗ್ಳು ಬೇಯ್ಸವ್ಳೆ.”

ಪಕ್ಕದ ಮನೆಯವಳು, ಓ, ಓಕೆ ಆಂಟಿ, ಎಂದು ಪೈಪನ್ನು ಎಳೆದುಕೊಂಡು ಮುಂದಿನ ಗಿಡಕ್ಕೆ ಹೋದಳು. ಆಕಾಶವೇನೂ ಕಳಚಿ ಬೀಳಲಿಲ್ಲ.

ಅವ್ವ ಮಡಿಸುವ ಕುರ್ಚಿಯೊಂದನ್ನು ಎಳೆದುಕೊಂಡು ಬೇಲಿಗೆ ಎದುರಾಗಿಯೇ ಕೂತಳು. ತೊಡೆಯ ಮೇಲೆ ತಟ್ಟೆಯಿಟ್ಟುಕೊಂಡು, ಅವಸರವಿಲ್ಲದೆ, ಸಂಜೆಯ ಬೆಳಕಿನಲ್ಲಿ ತಿಂದಳು. ಅವಳು ಹಾಗೆ ತಿನ್ನುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಅಳುವೂ ಬಂತು, ಹಸಿವೂ ಆಯಿತು. ಚಿಕನ್ ಎನ್ನಲಿದ್ದೆ ಎಂಬುದನ್ನು ಅವಳಿಗೆ ಇಂದಿಗೂ ಹೇಳಿಲ್ಲ. ಆ ಮಾತನ್ನು ಬಾಡಿನ ಜೊತೆಗೇ ನುಂಗಿಬಿಟ್ಟೆ. ಅವ್ವ ಮೂರನೆಯ ಹೋಳಿಗೆ ತಟ್ಟೆ ಚಾಚಿದಳು.