ಒಂದು ಕಡೆ ಮಲ್ಲಿಗೆ

ಹೋದ ವರ್ಷ ನನ್ನ ಯಜಮಾನರು ತೀರಿಕೊಂಡ ಮೇಲೆ, ನಮ್ಮ ಮೊದಲ ಮಗುವನ್ನು ಕಂಡವರಲ್ಲಿ ನಾನೊಬ್ಬಳೇ ಉಳಿದೆ. ಆಮೇಲೆ ಹುಟ್ಟಿದ ಮಗಳಿಗೆ ಅದು ಕೇಳಿದ ಸಂಗತಿ, ಅಷ್ಟೆ. ನಾನು ಹಾಸನದಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ಬರೆದು ಅಭ್ಯಾಸವಿಲ್ಲ. ಆದರೂ ಆ ಕೆಲವು ವಾರಗಳನ್ನು ಬರೆದಿಡಬೇಕು ಅನ್ನಿಸಿದೆ. ಆಗ ನನ್ನಲ್ಲಿ ಅಳು ಎಷ್ಟಿತ್ತೋ ಕುತೂಹಲವೂ ಅಷ್ಟೇ ಇತ್ತು. ಅಳು ಎಲ್ಲರಿಗೂ ಕಂಡಿತು. ಇನ್ನೊಂದನ್ನು ನಾನು ಯಾರ ಹತ್ತಿರವೂ ಸರಿಯಾಗಿ ಹೇಳಿಕೊಂಡಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಲ್ಕತ್ತಾದ ಕಸ್ಬಾದಲ್ಲಿ ಕೊಳವೊಂದರ ಪಕ್ಕದ ಮನೆಯ ಮಹಡಿಯ ಮೇಲೆ ನಮ್ಮ ಎರಡು ಕೋಣೆಗಳು. ಯಜಮಾನರಿಗೆ ಪಾರ್ಕ್ ಸ್ಟ್ರೀಟಿನ ಹತ್ತಿರ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಕೆಳಗಡೆ ಉಡುಪಿ ಕಡೆಯ ಸಂಸಾರವೊಂದಿತ್ತು. ಗಂಡ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಹೆಂಡತಿ ನನಗಿಂತ ಬಹಳ ದೊಡ್ಡವರು, ನಾನು ಅಕ್ಕ ಅನ್ನುತ್ತಿದ್ದೆ. ಹೆರಿಗೆಗೆ ತವರಿಗೆ ಹೋಗುವುದೆಂದು ರೈಲಿನ ಟಿಕೆಟ್ ಮಾಡಿಸಿಯಾಗಿತ್ತು. ಅಷ್ಟರಲ್ಲಿ ಏಳನೇ ತಿಂಗಳಲ್ಲೇ ನೋವು ಬಂದು ಗಂಡುಮಗು ಹುಟ್ಟಿತು.

ಅವನನ್ನು ನನ್ನ ಪಕ್ಕದಲ್ಲಿ ಮಲಗಿಸಲಿಲ್ಲ. ದಿನ ತುಂಬದ ಮಕ್ಕಳಿಗೆಂದು ಆಸ್ಪತ್ರೆಯಲ್ಲಿ ಬೇರೆ ಕೋಣೆಯಿತ್ತು. ತಾಯಂದಿರು ಗಾಜಿನ ಈಚೆ ನಿಂತು ನೋಡಬೇಕು. ಒಳಗೆ ಬಂದರೆ ಮಕ್ಕಳಿಗೆ ಸೋಂಕು ತಗಲುತ್ತದೆ ಎಂಬುದು ಆಗಿನ ನಿಯಮ. ಕಲ್ಕತ್ತಾದಲ್ಲಿ ಆಗ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಹೋದ ಕೂಡಲೇ ನರ್ಸುಗಳು ಬಿಸಿನೀರಿನ ರಬ್ಬರ್ ಚೀಲಗಳಿಗೆ ಬಟ್ಟೆ ಸುತ್ತಿ ಮಕ್ಕಳ ಅಕ್ಕಪಕ್ಕ ಇಡುತ್ತಿದ್ದರು. ನಮ್ಮವನಿಗೆ ಮೈತುಂಬ ಹತ್ತಿ ಸುತ್ತಿದ್ದರಿಂದ ಮುಖ ಮಾತ್ರ ಕಾಣುತ್ತಿತ್ತು. ಊಟಕ್ಕೆ ತಡವಾದಾಗ ನಮ್ಮ ಮಾವನವರು ಮಾಡುತ್ತಿದ್ದ ಮುಖ ಅದು. ಯಜಮಾನರಿಗೆ ಹಾಗೆಂದಾಗ, ಅವರೂ ಅದನ್ನೇ ಅಂದುಕೊಂಡಿದ್ದರಂತೆ.

ಚೀಪಿ ಕುಡಿಯುವ ಶಕ್ತಿ ಅವನಿಗಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ಇಳಿಬಿಟ್ಟ ತೆಳ್ಳಗಿನ ನಳಿಕೆಯಲ್ಲಿ ಹನಿ ಹನಿಯಾಗಿ ಹಾಲು ಹಾಕುತ್ತಿದ್ದರು. ಅಲ್ಲಿ ಹೆಚ್ಚಿನ ಮಕ್ಕಳಿಗೆ ಡಬ್ಬಿಯ ಪುಡಿ ಕಲಸಿದ ಹಾಲು. ಅದನ್ನು ಬದಲಿಸಬೇಕೆಂದು ಹೊರಟವರು ಆ ಕೋಣೆಯ ಡಾಕ್ಟರು, ನಡುವಯಸ್ಸಿನ ಬಂಗಾಳಿ ಹೆಂಗಸು. ಬೇಗ ಹೆತ್ತ ತಾಯಿಯ ಹಾಲು ದಿನ ತುಂಬಿ ಹೆತ್ತವಳ ಹಾಲಿನಂತೆಯೇ ಇರುತ್ತದೆಯೋ, ಬೇರೆ ಥರವೋ ಎಂದು ಅವರು ಪರೀಕ್ಷೆ ಮಾಡಿ ನೋಡುತ್ತಿದ್ದರು. ಕುದಿಸಿದ ಸೀಸೆಗೆ ನಾನು ಹಾಲು ಹಿಂಡಿ ಕೊಡಬೇಕು. ಅದರಲ್ಲಿ ಒಂದು ಚಮಚದಷ್ಟು ಪರೀಕ್ಷೆಗೆ, ಉಳಿದದ್ದು ಮಗುವಿಗೆ. ನನ್ನ ಹತ್ತಿರ ಅವರು ಹಿಂದಿಯಲ್ಲಿ ಮಾತಾಡುತ್ತಿದ್ದರು. ಇಬ್ಬರಿಗೂ ಅದು ಪರಭಾಷೆಯಾದ್ದರಿಂದ ಇಬ್ಬರೂ ನಿಧಾನವಾಗಿ ಆಡುತ್ತಿದ್ದೆವು.

ಹಾಲು ಅಂದರೆ ಹಾಲು ಅಂತಲೇ ನಾನು ತಿಳಿದಿದ್ದೆ. ಬೇರೆ ಇದ್ದರೆ ಏನಾಗುತ್ತದೆ ಎಂದು ಕೇಳಿದೆ. ಇಂಥ ತಾಯಿಯ ಹಾಲಿನಲ್ಲಿ ಸತ್ವ ಹೆಚ್ಚಿದ್ದರೆ ಇಂಥ ಮಗುವಿಗೆ ಅದೇ ಆಹಾರ ಎಂದು ದೊಡ್ಡ ಡಾಕ್ಟರುಗಳಿಗೆ ಹೇಳಬಹುದು, ಈಗ ಬರೀ ಬಾಯಿಮಾತಿನಲ್ಲಿ ಹೇಳಿದರೆ ನಗುತ್ತಾರೆ ಎಂದರು. ಮಗು ಬೇಗ ಬಂದದ್ದು ಎದೆಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ, ಅದು ತನಗೂ ಗೊತ್ತಿಲ್ಲ ಅಂದುಬಿಟ್ಟರು. ಡಾಕ್ಟರೊಬ್ಬರು ಗೊತ್ತಿಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನ್ನನ್ನು ಮನೆಗೆ ಕಳಿಸಿದ ಮೇಲೆ ಯಜಮಾನರು ಕಚೇರಿಗೆ ಹೋಗುವ ಮುಂಚೆ ಸೀಸೆಯನ್ನು ಆಸ್ಪತ್ರೆಗೆ ಮುಟ್ಟಿಸುತ್ತಿದ್ದರು. ಟ್ರಾಮಿನ ಜಂಗುಳಿಯಲ್ಲಿ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೋಗುತ್ತಿದ್ದರಂತೆ. ಎರಡನೇ ವಾರ ಮಗುವಿಗೆ ಸೋಂಕು ತಗಲಿತು. ಒಂದು ಬೆಳಿಗ್ಗೆ ಅವರು ಸೀಸೆಯನ್ನು ತುಂಬಿದ ಹಾಗೆಯೇ ವಾಪಸು ತಂದರು. ಅವರು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಯಿತು.

ಅವರೂ ಅಕ್ಕನ ಗಂಡನೂ ಹೋಗಿ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಬಹಳ ದಿನ ನಾವಿಬ್ಬರೂ ಅವನ ಮಾತು ಎತ್ತಲಿಲ್ಲ.

ಹಾಲಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಎದೆ ಕಲ್ಲಿನಂತಾಗಿ ಚಳಿಜ್ವರ ಬಂತು. ಅಕ್ಕ ಲೇಕ್ ಮಾರ್ಕೆಟ್ಟಿನಿಂದ ಮಲ್ಲಿಗೆ ತರಿಸಿದರು. ಮಗು ಹೋದ ಬಾಣಂತಿಯ ಎದೆಗೆ ಮಲ್ಲಿಗೆಯ ದಂಡೆ ಕಟ್ಟಿದರೆ ಹಾಲು ಇಂಗುತ್ತದೆಂದು ಅವರ ಕಡೆ ರೂಢಿ. ಇಲ್ಲಿನ ಮಲ್ಲಿಗೆಗೆ ಊರಿನದರ ಅರ್ಧ ವಾಸನೆಯೂ ಇಲ್ಲ, ಒಂದು ದಂಡೆ ಜಾಸ್ತಿಯೇ ಕಟ್ಟುವ ಅಂದರು. ವಾಸನೆಯಿಂದಲೋ ತಂಪಿನಿಂದಲೋ ಎಂದು ನಾನು ಕೇಳಿದೆ.

"ಅದೆಲ್ಲ ನಂಗೆ ಗೊತ್ತಿಲ್ಲ ಮಾರಾಯ್ತಿ. ಒಣಗ್ತದೆ, ಅಷ್ಟೆ" ಅಂದರು.

ಜ್ವರಕ್ಕೆ ಔಷಧಿ ತರಲು ಆಸ್ಪತ್ರೆಗೆ ಹೋಗುವುದಿತ್ತು. ಬಂದು ಕಟ್ಟಿಸಿಕೊಳ್ಳುತ್ತೇನೆ ಎಂದು ಹೂವನ್ನು ನೀರು ಚಿಮುಕಿಸಿ ಇಟ್ಟು ಹೋದೆ. ಅಲ್ಲಿ ಡಾಕ್ಟರು ಹತ್ತಿರ ಕೂತು ಒಂದು ಮಾತು ಕೇಳಿದರು. ಒಳಗೆ ಇನ್ನೊಂದು ಮಗುವಿದೆ, ಅದೂ ಬೇಗ ಹುಟ್ಟಿದ್ದು, ತಾಯಿಗೆ ವಿಪರೀತ ಕಾಯಿಲೆಯಾಗಿ ಹಾಲೇ ಇಲ್ಲ. ನಾನು ಕೊಡುತ್ತೇನೆಯೇ?

"ಕೊಡಲೇಬೇಕು ಅಂತಿಲ್ಲ. ಆದರೆ ಕೇಳದೆ ಇರೋದಕ್ಕೆ ನನ್ನಿಂದ ಆಗಲಿಲ್ಲ" ಎಂದರು.

ಟ್ರಾಮಿನಲ್ಲಿ ವಾಪಸು ಬರುತ್ತ ನನಗೆ ತೋಚಿದ್ದು ಆ ಮಗುವಿನ ವಿಷಯವಲ್ಲ. ನಮ್ಮವನ ಬಟ್ಟೆಯಿಲ್ಲ, ತೊಟ್ಟಿಲಿಲ್ಲ, ಫೋಟೋ ಇಲ್ಲ. ಅವನಿಗೆಂದು ಇನ್ನೂ ನಡೆಯುತ್ತಿದ್ದದ್ದು ಈ ಹಾಲು ಬರುವುದೊಂದೇ. ಇದೂ ನಿಂತರೆ ಅವನು ಬಂದು ಹೋದದ್ದಕ್ಕೆ ನನ್ನ ಮೈಯಲ್ಲೂ ಗುರುತು ಉಳಿಯುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಲಾರದೆ, ಆ ಮಗುವಿಗೆ ಹಾಲು ಕೊಡುತ್ತೇನೆ ಎಂದಷ್ಟೇ ಅಕ್ಕನಿಗೆ ಹೇಳಿದೆ.

ಅವರು ಹೂವಿನ ತಟ್ಟೆ ಕೆಳಗಿಟ್ಟರು. "ಕೊಡುದು ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ನೀನು ದಿನಾ ಹಿಂಡ್ತಾ ಕೂತ್ರೆ ದಿನಾ ಅದೇ ನೆನಪು. ಹೀಗಾದ್ರೆ ನೀನು ಏಳುದು ಯಾವಾಗ?"

ಇಬ್ಬರ ಮಾತನ್ನೂ ಮೀರಲಾರದೆ ನಾನೊಂದು ಉಪಾಯ ಹುಡುಕಿದೆ. ಎಡಗಡೆಗೆ ಮಲ್ಲಿಗೆ ಕಟ್ಟಲಿ, ಬಲಗಡೆಯದನ್ನು ಸೀಸೆಗೆ ಹಿಂಡುತ್ತೇನೆ ಎಂದೆ.

"ಇದೆಂತ ವ್ಯಾಪಾರ? ದೇವರಿಗೂ ಯಾರೂ ಅರ್ಧ ಹೂವು ಏರಿಸುದಿಲ್ಲ" ಎಂದು ಬೈಯುತ್ತಲೇ ಕಟ್ಟಿದರು.

ದಿನ ಕಳೆದಂತೆ ಎಡಗಡೆಯ ಗಡಸು ಇಳಿಯಿತು. ಮೆತ್ತಗಾಯಿತು. ಬಲಗಡೆ ಹಾಗೇ ತುಂಬುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕಡೆ ಮುಟ್ಟಿ ನೋಡಿಕೊಳ್ಳುವುದು ನನಗೆ ಅಭ್ಯಾಸವಾಯಿತು. ಮಗು ಹೋದ ಮೇಲೆ ಬೆಳಗಾಗುವುದನ್ನು ನಾನು ಕಾದದ್ದು ಆಗಲೇ. ಹೂವಿಗೆ ಎಡ ಬಲ ತಿಳಿಯುತ್ತದೆ! ಅಕ್ಕನ ರೂಢಿಯಲ್ಲಿ ನಿಜವಿದೆ, ಅದನ್ನು ನಾನು ನನ್ನ ಮೈಮೇಲೇ ಕಂಡುಹಿಡಿದೆ ಎಂದು ಡಾಕ್ಟರಿಗೆ ಹೇಳಲು, ಒಂದು ದಿನ ಯಜಮಾನರ ಬದಲು ಸೀಸೆಯನ್ನು ನಾನೇ ತೆಗೆದುಕೊಂಡು ಹೋದೆ.

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಹೂವು ಬಿಡಿಯಾಗಿಯೋ ಪೋಣಿಸಿಯೋ, ಎಷ್ಟು ಹೊತ್ತಿಗೆ ಬದಲಿಸುತ್ತೀರಿ, ಮೈಗೆ ತಾಗುವಂತೆಯೋ ಬಟ್ಟೆಯ ಮೇಲೋ ಎಂದೆಲ್ಲ ಕೇಳಿದರು. ವಾಸನೆಯ ಗುಣವಾಗಿದ್ದರೆ ಎರಡೂ ಕಡೆ ಒಣಗಬೇಕಿತ್ತು, ಮೂಗು ಒಂದೇ ತಾನೆ ಅಂದರು. ಅದು ನನಗೆ ಹೊಳೆದಿರಲಿಲ್ಲ. ಆಮೇಲೆ ತಲೆ ಓರೆ ಮಾಡಿ,

"ಎಡಗಡೆಯದನ್ನೂ ಹಿಂಡುತ್ತೀರಾ?" ಎಂದು ಕೇಳಿದರು.

"ಇಲ್ಲ. ಅಲ್ಲಿ ಹೂವಿದೆಯಲ್ಲ."

"ಹಾಗಾದರೆ ಒಣಗಿದ್ದು ಹೂವಿನಿಂದಲೋ, ನೀವು ಹಿಂಡದೆ ಬಿಟ್ಟದ್ದರಿಂದಲೋ?"

ಹಿಂಡದೆ ಬಿಟ್ಟರೆ ಹಾಲು ತಾನಾಗಿಯೇ ನಿಲ್ಲುತ್ತದಂತೆ. ನಾನು ಒಂದೇ ಕಡೆ ಎರಡು ಕೆಲಸ ಮಾಡಿ, ಫಲವನ್ನು ಒಂದರ ಲೆಕ್ಕಕ್ಕೆ ಹಾಕಿದ್ದೆ. ಮುಖ ಚಿಕ್ಕದಾಯಿತೇನೋ, ಅವರು ತಮ್ಮದೊಂದು ಕಥೆ ಹೇಳಿದರು. ಮೊದಮೊದಲು ಅವರು ಒಬ್ಬ ತಾಯಿಯ ಬೆಳಗಿನ ಹಾಲನ್ನು ಇನ್ನೊಬ್ಬ ತಾಯಿಯ ಸಂಜೆಯ ಹಾಲಿನ ಜೊತೆ ಹೋಲಿಸಿ, ದೊಡ್ಡ ವ್ಯತ್ಯಾಸ ಸಿಕ್ಕಿತೆಂದು ಕುಣಿದಾಡಿದ್ದರಂತೆ. ಆಮೇಲೆ ಎಲ್ಲವನ್ನೂ ಹೊಸದಾಗಿ ಮಾಡಬೇಕಾಯಿತಂತೆ.

ಆ ಸಂಜೆ ಅಕ್ಕ ಹೂವು ಹಿಡಿದು ಮೆಟ್ಟಿಲು ಹತ್ತಿ ಬಂದಾಗ ನಾನು ಬಾಗಿಲಲ್ಲೇ ನಿಂತು, "ಅಕ್ಕ, ಇನ್ನು ಹೂವು ಬೇಡ. ನಿಲ್ಲೋದಾದರೆ ಅದಾಗಿ ನಿಲ್ಲಲಿ. ನನಗೆ ಇನ್ನೂ ಸ್ವಲ್ಪ ದಿನ ಬೇಕು" ಎಂದೆ. ಯಾರಿಗಾಗಿ ಎಂದು ಅವರು ಕೇಳಲಿಲ್ಲ. ಮಲ್ಲಿಗೆಯನ್ನು ತಾವೇ ಮುಡಿದುಕೊಂಡು ಕೆಳಗಿಳಿದರು.

ಎಡಗಡೆಯನ್ನೂ ಹಿಂಡತೊಡಗಿದೆ. ಮೊದಲು ನಾಲ್ಕು ಹನಿ, ಆಮೇಲೆ ಚಮಚ, ಆಮೇಲೆ ಸೀಸೆಯ ತಳ ಮುಚ್ಚುವಷ್ಟು ಬಂತು. ಡಾಕ್ಟರು ಎರಡರಲ್ಲೂ ಸ್ವಲ್ಪ ಪರೀಕ್ಷೆಗೆ ಇಟ್ಟುಕೊಂಡರು. ಬೇಗ ಹೆತ್ತವರ ಹಾಲು ಮೊದಲ ವಾರಗಳಲ್ಲಿ ಬೇರೆಯೇ, ಸತ್ವ ಹೆಚ್ಚು ಎಂದು ಅವರ ಪರೀಕ್ಷೆಯಲ್ಲಿ ಕಾಣತೊಡಗಿತ್ತು. ಈಗ ಅದು ಎಲ್ಲ ಡಾಕ್ಟರಿಗೂ ಗೊತ್ತಿರುವ ಸಂಗತಿಯಂತೆ. ನನ್ನ ಹಾಲು ಹಾಗಿತ್ತೇ ಎಂದು ಕೇಳಿದೆ. ಹಾಗೆಯೇ ಇತ್ತು, ನಿಮ್ಮ ಮಗುವಿಗೆ ಹೋದದ್ದೂ ಅದೇ ಎಂದರು. ಅದು ಸಾಕಾಗಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಆ ಮಾತು ಕೇಳಿದ್ದು ಒಳ್ಳೆಯದಾಯಿತು.

ಆ ಇನ್ನೊಂದು ಮಗುವನ್ನು ನೋಡುತ್ತೀರಾ ಎಂದು ನರ್ಸ್ ಹಲವು ಸಲ ಕೇಳಿದ್ದಳು. ನಾನು ಬೇಡವೆಂದು ತಲೆಯಾಡಿಸಿ ಬಂದುಬಿಡುತ್ತಿದ್ದೆ. ಕೊನೆಗೊಂದು ದಿನ ಗಾಜಿನ ಹತ್ತಿರ ಹೋದೆ. ಅವಳು ಒಳಗಿನಿಂದ ಬೆರಳು ತೋರಿಸಿದಳು. ಹೆಣ್ಣುಮಗು. ಹತ್ತಿಯನ್ನೆಲ್ಲ ತೆಗೆದಿದ್ದರು. ಅದಕ್ಕೆ ಬಿಕ್ಕಳಿಕೆ ಬಂದಿತ್ತು. ಅಷ್ಟು ಸಣ್ಣ ಮೈಗೆ ಬಿಕ್ಕಳಿಕೆ ಬಂದರೆ ಕಾಲಿನ ಬೆರಳುಗಳವರೆಗೆ ಕುಲುಕುತ್ತದೆ. ನಿಲ್ಲುತ್ತದೇನೋ ಎಂದು ಕಾದೆ, ನಿಲ್ಲಲಿಲ್ಲ. ನರ್ಸಿಗೆ ಅದರ ಚಿಂತೆಯೇ ಇರಲಿಲ್ಲ.

ಮನೆಗೆ ಬಂದು ಅನ್ನ ಬಡಿಸುವಾಗ ಯಜಮಾನರಿಗೆ, ನೋಡಿ ಬಂದೆ ಎಂದು ಹೇಳಿದೆ. ಅವರು ತಟ್ಟೆಯಿಂದ ತಲೆಯೆತ್ತಲಿಲ್ಲ.

"ಹೇಗಿದೆ?"

"ಬಿಕ್ಕಳಿಸ್ತಾ ಇತ್ತು."

"ನೀರು ಕುಡಿಸಲಿಲ್ವಾ?"

"ಅಷ್ಟು ಚಿಕ್ಕದಕ್ಕೆ ನೀರು ಯಾರು ಕುಡಿಸ್ತಾರೆ, ನೀವೊಳ್ಳೆ."

ಅವರು ಒಂದು ತುತ್ತು ಕಲಸಿದರು, ಬಾಯಿಗಿಡಲಿಲ್ಲ. "ನಮ್ಮೋನಿಗೂ ಬರ್ತಿತ್ತು" ಎಂದರು. "ಬೆಳಿಗ್ಗೆ ಸೀಸೆ ಕೊಡೋಕೆ ಹೋದಾಗ ಎರಡು ಸಲ ನೋಡಿದೀನಿ. ನಿನಗೆ ಹೇಳೋದು ಮರೆತೇಬಿಟ್ಟಿದ್ದೆ."

ನಾನು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವರೆದುರು ಕೂತೆ. ಹೇಗೆ ಬಿಕ್ಕಳಿಸುತ್ತಿದ್ದ, ಕಣ್ಣು ತೆರೆದಿದ್ದನಾ, ಎಷ್ಟು ಹೊತ್ತು ಎಂದು ಒಂದೊಂದಾಗಿ ಕೇಳತೊಡಗಿದೆ.